ದಿನಕ್ಕೆ 244 ರೂಪಾಯಿ

ನಮ್ಮ ಅಡುಗೆಮನೆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್ ಇದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಡೇರಿಗೆ ಹಾಕಿದ ಹಾಲು, ಗ್ಯಾಸ್ ಹಚ್ಚಿದ ದಿನ, ರೇಷ್ಮೆ ಹುಳು ಜ್ವರಕ್ಕೆ ಕೂತ ದಿನ, ಯಾರದೋ ಮದುವೆ ಎಲ್ಲವೂ ಅದರ ಮೇಲೇ. ಆದರೆ ಪ್ರತಿ ತಿಂಗಳ ಹಾಳೆಯ ಮೇಲ್ತುದಿಯಲ್ಲಿ ಅಮ್ಮ ಕೆಂಪು ಪೆನ್ನಿನಲ್ಲಿ ಒಂದು ಅಂಕಿ ಬರೆಯುತ್ತಿದ್ದಳು. 2016ರ ಜೂನ್ ಹಾಳೆಯಲ್ಲಿ ಅದು 244. 2025ರ ಜುಲೈ ಹಾಳೆಯಲ್ಲಿ ಸೊನ್ನೆ. ಈ ಎರಡು ಹಾಳೆಗಳ ನಡುವೆ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಬೇಕೆನಿಸಿತು. ನನ್ನ ವಯಸ್ಸಿನವರು ಈಗ ಮನೆ ಸಾಲದ ಅರ್ಜಿಗೆ ಸಹಿ ಹಾಕುತ್ತಿದ್ದಾರೆ. ಸಹಿ ಹಾಕುವ ದಿನ ನಮ್ಮಪ್ಪನಿಗೆ ಗೊತ್ತಿಲ್ಲದಿದ್ದ ಕೆಲವು ಸಂಗತಿಗಳು ಅವರಿಗಾದರೂ ಗೊತ್ತಿರಲಿ.

ನಮ್ಮದು ಶಿಡ್ಲಘಟ್ಟಕ್ಕೆ ಅಂಟಿಕೊಂಡಂತಿರುವ ಒಂದು ಊರು. ಅಪ್ಪ ಖಾಸಗಿ ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತ. ಒಂದು ಎಕರೆ ಹಿಪ್ಪುನೇರಳೆ ತೋಟ, ಒಂದು ಸೀಮೆಹಸು, ಅಮ್ಮನ ಹೊಲಿಗೆ ಮಷೀನು. ಇವಿಷ್ಟು ನಮ್ಮ ಆದಾಯದ ದಾರಿಗಳು. ತಾತ ಬಿಟ್ಟುಹೋದ ನಿವೇಶನದಲ್ಲಿ ಮನೆ ಕಟ್ಟಲು 2014ರ ಜೂನ್‌ನಲ್ಲಿ ಬ್ಯಾಂಕಿನಿಂದ ₹9 ಲಕ್ಷ ಸಾಲ ಸಿಕ್ಕಿತು. ಅಪ್ಪನ ಸಂಬಳದ ಚೀಟಿಯೊಂದೇ ಸಾಲದು ಎಂದು ಬ್ಯಾಂಕಿನವರು ಅಮ್ಮನನ್ನೂ ಸಹ ಅರ್ಜಿದಾರಳಾಗಿ ಸೇರಿಸಿಕೊಂಡರು. ಹದಿನೈದು ದಿನಕ್ಕೊಮ್ಮೆ ಡೇರಿ ಬಟವಾಡೆ ಜಮೆಯಾಗುವ ಅವಳ ಪಾಸ್‌ಬುಕ್ ಆಗ ಕೆಲಸಕ್ಕೆ ಬಂತು. ಬಡ್ಡಿ ಶೇ 10.25, ಅವಧಿ 20 ವರ್ಷ, ತಿಂಗಳ ಕಂತು ₹8,835. ನಿವೇಶನದ ಪತ್ರಗಳು ಬ್ಯಾಂಕಿನ ಪಾಲಾದವು.

ಅಜ್ಜಿಯ ತವರು ಚಿಂತಾಮಣಿ ಕಡೆ. ಅವಳ ಮನೆಮಾತು ತೆಲುಗು. ನಮಗೆಲ್ಲ 'ಅಪ್ಪು' ಎಂದರೆ ಪುನೀತ್ ರಾಜ್‌ಕುಮಾರ್ ಆದರೆ ಅಜ್ಜಿಗೆ 'ಅಪ್ಪು' ಎಂದರೆ ಸಾಲ. ಗೃಹಪ್ರವೇಶದ ದಿನ ಎಲ್ಲರೂ ಮನೆ ಚೆನ್ನಾಗಿದೆ ಎನ್ನುತ್ತಿದ್ದರೆ ಅವಳು ಮಾತ್ರ ಜಗಲಿಯಲ್ಲಿ ಕೂತು "ಅಪ್ಪು ಯಾವಾಗ ತೀರುತ್ತೆ?" ಎಂದು ಕೇಳುತ್ತಿದ್ದಳು. "2034ಕ್ಕೆ" ಎಂದ ಅಪ್ಪ. ಅಜ್ಜಿ ಬೆರಳು ಮಡಚಿ ತನ್ನ ವಯಸ್ಸು ಲೆಕ್ಕ ಹಾಕಿ ಸುಮ್ಮನಾದಳು.

ಎರಡು ವರ್ಷ ಹಾಗೇ ಕಳೆಯಿತು. ಕಂತು ತಪ್ಪಲಿಲ್ಲ. ಅಪ್ಪನಿಗೆ ಅದೇ ಹೆಮ್ಮೆ. ನಾನಾಗ ಒಂಬತ್ತನೇ ತರಗತಿಗೆ ಬಂದಿದ್ದೆ, ಬಡ್ಡಿ ಲೆಕ್ಕ ಮಾಡುವುದರಲ್ಲಿ ಸ್ವಲ್ಪ ಹುಷಾರಿದ್ದೆ. ಅಪ್ಪ ಬ್ಯಾಂಕಿನಿಂದ ಸಾಲದ ಸ್ಟೇಟ್‌ಮೆಂಟ್ ತಂದು ಟಿ.ವಿ. ಮೇಲೆ ಇಟ್ಟಿದ್ದ. ಸುಮ್ಮನೆ ಎತ್ತಿಕೊಂಡು ಕೂಡಿಸಿ ನೋಡಿದೆ. 24 ಕಂತುಗಳಲ್ಲಿ ನಾವು ಕಟ್ಟಿದ್ದು ₹2,12,040. ಸಾಲ ಕಡಿಮೆಯಾಗಿದ್ದು ಮಾತ್ರ ₹30 ಸಾವಿರ ಚಿಲ್ಲರೆ. ನನ್ನ ಲೆಕ್ಕವೇ ತಪ್ಪಿರಬೇಕು ಎಂದು ಮೂರು ಸಲ ಮಾಡಿದೆ.

ತಪ್ಪಿರಲಿಲ್ಲ. ಮೊದಲ ತಿಂಗಳು 9 ಲಕ್ಷದ ಮೇಲಿನ ಬಡ್ಡಿಯೇ ₹7,688. ಕಂತಿನಲ್ಲಿ ಅದು ಹೋಗಿ ಅಸಲಿಗೆ ಸೇರಿದ್ದು ₹1,147. ಮುಂದಿನ ತಿಂಗಳು ಬಡ್ಡಿ ಹತ್ತು ರೂಪಾಯಿಯಷ್ಟು ಇಳಿಯುತ್ತದೆ, ಅಸಲಿಗೆ ಅಷ್ಟೇ ಹೆಚ್ಚು ಹೋಗುತ್ತದೆ. ಕಂತು ಇಪ್ಪತ್ತು ವರ್ಷವೂ ಒಂದೇ ಸಮ ಇರುವುದರಿಂದ ಒಳಗಿನ ಈ ಹಂಚಿಕೆ ಕಣ್ಣಿಗೆ ಬೀಳುವುದಿಲ್ಲ. ಇದರಲ್ಲಿ ಮೋಸವೇನೂ ಇಲ್ಲ, ಎಲ್ಲ ಬ್ಯಾಂಕುಗಳ ಲೆಕ್ಕವೂ ಹೀಗೇ. ಹಾಗೇ ಕಟ್ಟುತ್ತಾ ಹೋಗಿದ್ದರೆ 9 ಲಕ್ಷಕ್ಕೆ ಒಟ್ಟು ₹21 ಲಕ್ಷದ 20 ಸಾವಿರ ಕೊಡಬೇಕಿತ್ತು.

ಅಮ್ಮನಿಗೆ ಗೊತ್ತಿದ್ದದ್ದು ಸ್ತ್ರೀಶಕ್ತಿ ಸಂಘದ ಸಾಲ. ಅಲ್ಲಿ ಹತ್ತು ಸಾವಿರ ತೆಗೆದುಕೊಂಡರೆ ತಿಂಗಳಿಗೆ ಸಾವಿರ ಅಸಲು, ಅದರ ಮೇಲೆ ಬಡ್ಡಿ. ಹತ್ತು ತಿಂಗಳಿಗೆ ಮುಗಿಯಿತು. "ಹಂಗಾದ್ರೆ ನಾವು ಕಟ್ಟಿದ್ದು ಅಸಲಿಗೆ ಹೋಗೇ ಇಲ್ವೇನೇ?" ಎಂದಳು. ನಾನು ಸ್ಟೇಟ್‌ಮೆಂಟ್ ತೋರಿಸಿ ವಿವರಿಸತೊಡಗಿದೆ. ಅವಳು ಅರ್ಧಕ್ಕೇ ತಡೆದು, "ಅದೆಲ್ಲ ಬಿಡು. ದಿನಕ್ಕೆ ಎಷ್ಟು ಬಡ್ಡಿ ಬೀಳ್ತಿದೆ ಹೇಳು" ಎಂದಳು.

8 ಲಕ್ಷದ 69 ಸಾವಿರಕ್ಕೆ ಶೇ 10.25. ಭಾಗಿಸು 365. ದಿನಕ್ಕೆ 244 ರೂಪಾಯಿ.

ಆಗಿನ ಡೇರಿ ದರದಲ್ಲಿ ಅದು ಹೆಚ್ಚುಕಡಿಮೆ ಹತ್ತು ಲೀಟರ್ ಹಾಲಿನ ದುಡ್ಡು. ನಮ್ಮ ಗೌರಿ ಎರಡು ಹೊತ್ತೂ ಸೇರಿ ಕೊಡುತ್ತಿದ್ದದ್ದೇ ಅಷ್ಟು. "ಅಂದ್ರೆ ನಾನು ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯೋದು ಬ್ಯಾಂಕಿಗೆ" ಎಂದು ಅಮ್ಮ ಎದ್ದು ಹೋಗಿ ಕ್ಯಾಲೆಂಡರಿನ ಮೇಲೆ 244 ಎಂದು ಬರೆದಳು. ಇಪ್ಪತ್ತು ವರ್ಷದ ಇಪ್ಪತ್ತೊಂದು ಲಕ್ಷ ಅವಳನ್ನು ಅಷ್ಟಾಗಿ ಮುಟ್ಟಿರಲಿಲ್ಲ. ಈ 244 ಮುಟ್ಟಿತು.

ಅವಧಿಗೆ ಮೊದಲೇ ಕಟ್ಟಿದರೆ ಬ್ಯಾಂಕಿನವರು ದಂಡ ಹಾಕುತ್ತಾರೆ ಎಂದು ಊರಲ್ಲಿ ಎಲ್ಲರೂ ನಂಬಿದ್ದರು, ಅಪ್ಪನೂ ಸಹ. ಹಿಂದೆ ಹಾಗೇ ಇತ್ತು. ಆದರೆ ಬದಲಾಗುವ ಬಡ್ಡಿದರದ ಗೃಹಸಾಲಗಳಿಗೆ ಬ್ಯಾಂಕುಗಳು ಇಂಥ ದಂಡ ವಸೂಲಿ ಮಾಡುವಂತಿಲ್ಲ ಎಂದು ಆರ್‌ಬಿಐ 2012ರ ಜೂನ್‌ನಲ್ಲೇ ಹೇಳಿದೆ. ನಮ್ಮದು ಅಂಥದ್ದೇ ಸಾಲ. ಇದು ತಿಳಿದದ್ದು ಆ ವರ್ಷದ ಆಷಾಢದಲ್ಲಿ, ಒಂದು ಬೆಳೆ ಗೂಡು ಮಾರಿ ಅಪ್ಪ, ಅಮ್ಮ, ನಾನು ಮೂವರೂ ಬ್ಯಾಂಕಿಗೆ ಹೋದ ದಿನ. ಗೂಡಿನ ದುಡ್ಡು ಈಗ ಖಾತೆಗೆ ಬೀಳುತ್ತದೆ, ಆಗ ಕೈಗೆ ಬರುತ್ತಿತ್ತು. ಅದರಲ್ಲಿ ₹10 ಸಾವಿರವನ್ನು ಅಮ್ಮ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದಳು.

ಕೌಂಟರಿನಲ್ಲಿದ್ದವರು ಕೇಳಿದರು: "ಕಂತು ಕಡಿಮೆ ಮಾಡೋಣವಾ, ಅವಧಿ ಕಡಿಮೆ ಮಾಡೋಣವಾ?"

"ಕಂತು ಸರ್" ಎಂದ ಅಪ್ಪ. ತಿಂಗಳಿಗೆ ನೂರು ರೂಪಾಯಿ ಉಳಿದರೂ ಉಳಿಯಿತಲ್ಲ ಎಂಬುದು ಅವನ ಯೋಚನೆ.

"ಅವಧಿ" ಎಂದಳು ಅಮ್ಮ, ಹಿಂದಿನಿಂದ.

ಅವರು ಇಬ್ಬರ ಮುಖವನ್ನೂ ನೋಡಿ, "ಅಮ್ಮ ಹೇಳಿದ್ದು ಸರಿ" ಎಂದು ನಕ್ಕರು. ಅದೇಕೆ ಸರಿ ಎಂಬುದನ್ನು ನಾನು ಮನೆಗೆ ಬಂದು ಲೆಕ್ಕ ಮಾಡಿದೆ. ಕಂತು ಹಾಗೇ ಇಟ್ಟುಕೊಂಡು ಅವಧಿ ಇಳಿಸಿದರೆ, ಆ ದಿನ ಕಟ್ಟಿದ ಹತ್ತು ಸಾವಿರ 2034ರ ತುದಿಯಲ್ಲಿದ್ದ ಹೆಚ್ಚುಕಡಿಮೆ ಏಳು ಕಂತುಗಳನ್ನು ಅಳಿಸಿಹಾಕುತ್ತದೆ. ಏಳು ಕಂತೆಂದರೆ ₹60 ಸಾವಿರಕ್ಕೂ ಮೇಲೆ. ಅದೇ ಹತ್ತು ಸಾವಿರವನ್ನು ಸಾಲದ ಕೊನೆಯ ವರ್ಷದಲ್ಲಿ ಕಟ್ಟಿದರೆ ಒಂದು ಕಂತಿನ ಮೇಲೆ ಸ್ವಲ್ಪ ಉಳಿಯುತ್ತದೆ, ಅಷ್ಟೇ. ಎಷ್ಟು ಕಟ್ಟುತ್ತೇವೆ ಎನ್ನುವಷ್ಟೇ ಯಾವಾಗ ಕಟ್ಟುತ್ತೇವೆ ಎನ್ನುವುದೂ ಮುಖ್ಯ. ನಮ್ಮ ಮನೆಯಲ್ಲಿ ಇದು ಅರ್ಥವಾದದ್ದು ಎರಡು ವರ್ಷ ತಡವಾಗಿ.

ಒಂದು ಕಂತಿಗಿಂತ ಕಡಿಮೆ ಮೊತ್ತವನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳುವುದಿಲ್ಲ ಎಂದು ಬ್ಯಾಂಕಿನವರು ಹೇಳಿದ್ದರು. ಹಾಗಾಗಿ ನೂರು ಇನ್ನೂರನ್ನೆಲ್ಲ ಕೂಡಿಹಾಕಲೇಬೇಕಿತ್ತು. ಅಮ್ಮ ಬ್ಲೌಸ್ ಹೊಲಿಗೆಯ ಜೊತೆ ಸೀರೆಗೆ ಕುಚ್ಚು ಕಟ್ಟುವುದನ್ನೂ ಶುರು ಮಾಡಿದಳು. ಕುಚ್ಚಿನ ದುಡ್ಡು ಹಾರ್ಲಿಕ್ಸ್ ಬಾಟಲಿಗೆ. ಹೊಸ ಮನೆಗೆಂದು ಅಪ್ಪ ಆಸೆಪಟ್ಟು ಹಾಕಿಸಿದ್ದ ಗೀಸರ್‌ನ ಸ್ವಿಚ್ಚಿಗೆ ಅವಳು ಟೇಪ್ ಅಂಟಿಸಿಬಿಟ್ಟಳು. ಹಿತ್ತಲಲ್ಲಿ ಹಂಡೆ ಒಲೆ ಎದ್ದಿತು. ಹುಳುಗಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ನಮ್ಮಲ್ಲಿ ರಾಶಿ ಬೀಳುತ್ತದೆ. ಒಣಗಿಸಿಟ್ಟರೆ ಚೆನ್ನಾಗಿ ಉರಿಯುತ್ತದೆ. ಸ್ನಾನದ ನೀರಷ್ಟೇ ಅಲ್ಲ, ರಾತ್ರಿಯ ಮುದ್ದೆಯೂ ಅದೇ ಒಲೆಯಲ್ಲಿ. ತಿಂಗಳು ಮುಗಿಯುವಷ್ಟರಲ್ಲಿ ಖಾಲಿಯಾಗುತ್ತಿದ್ದ ಸಿಲಿಂಡರ್ ಎರಡೂವರೆ ತಿಂಗಳು ಬರತೊಡಗಿತು. ಹೊಗೆ ಕುಡಿದದ್ದು ಅಮ್ಮ ಎಂಬುದನ್ನೂ ಹೇಳಬೇಕು. ಉಳಿತಾಯದ ಲೆಕ್ಕ ಬರೆಯುವಾಗ ಇಂಥವು ಬಿಟ್ಟುಹೋಗುತ್ತವೆ.

ಹುಣಸೆಹಣ್ಣು, ಒಣ ಅವರೆಕಾಳು ಅಜ್ಜಿಯ ತವರಿಂದ ಬರುತ್ತಿತ್ತು. ರಾಗಿ ಚಿಕ್ಕಪ್ಪನ ಹೊಲದ್ದು. ಹಿತ್ತಲಲ್ಲಿ ದಂಟು, ನುಗ್ಗೆ. ವಾರದಲ್ಲಿ ನಾಲ್ಕು ದಿನ ಬಸ್ಸಾರು ಇಲ್ಲವೇ ಉಪ್ಸಾರು. ಇದರಲ್ಲಿ ಉಳಿಸಿದ್ದಕ್ಕಿಂತ ಹಬ್ಬಕ್ಕೆ ಬಟ್ಟೆ ತೆಗೆಯುವುದನ್ನು ವರ್ಷಕ್ಕೊಮ್ಮೆ ಮಾಡಿದ್ದರಲ್ಲೇ ಹೆಚ್ಚು ಉಳಿಯಿತು. ವರ್ಷಕ್ಕೆ ಐದಾರು ಬೆಳೆ ರೇಷ್ಮೆ ತೆಗೆಯುವ ಮನೆಯಲ್ಲಿ ಒಂಬತ್ತು ವರ್ಷ ಹೊಸ ರೇಷ್ಮೆ ಸೀರೆ ಬರಲಿಲ್ಲ.

ಒಂದು ಖರ್ಚಿಗೆ ಮಾತ್ರ ಅಮ್ಮ ಕತ್ತರಿ ಹಾಕಲಿಲ್ಲ. ಅದು ಮುಯ್ಯಿ. ನಮ್ಮ ಗೃಹಪ್ರವೇಶಕ್ಕೆ ಯಾರು ಎಷ್ಟು ಹಾಕಿದ್ದರೋ ಅದು ನೋಟ್‌ಬುಕ್ಕಿನಲ್ಲಿತ್ತು. ಅವರ ಮನೆಯ ಮದುವೆ, ನಾಮಕರಣ ಬಂದಾಗ ಅದಕ್ಕಿಂತ ನೂರಾದರೂ ಹೆಚ್ಚು ಹಾಕಿಯೇ ಬರುತ್ತಿದ್ದಳು. "ಅದೂ ಸಾಲಾನೇ. ಬ್ಯಾಂಕಿನವರು ನೋಟಿಸ್ ಕಳಿಸ್ತಾರೆ, ಇವರು ಕಳಿಸಲ್ಲ ಅಷ್ಟೇ" ಎನ್ನುವುದು ಅವಳ ವಾದ.

ಇನ್ನು ನನ್ನ ಸಿಟ್ಟಿನ ವಿಷಯ. 2017ರ ಡಿಸೆಂಬರ್. ನಾನು ಎಸ್ಸೆಸ್ಸೆಲ್ಸಿ. ಶಾಲೆಯಿಂದ ಹಂಪಿ ಪ್ರವಾಸ, ತಲೆಗೆ ₹1,800. ಅಮ್ಮ ಬೇಡ ಎಂದಳು. ಕಾರಣ ಕೇಳಿದರೆ "ಮುಂದೆ ಹೋಗಬಹುದು, ಹಂಪಿ ಎಲ್ಲೂ ಓಡಿಹೋಗಲ್ಲ" ಎಂದಳು. ಅದೇ ವಾರ ಗೂಡು ಮಾರಿದ ದುಡ್ಡಲ್ಲಿ ಬ್ಯಾಂಕಿಗೆ ₹12 ಸಾವಿರ ಕಟ್ಟಿ ಬಂದು ಕ್ಯಾಲೆಂಡರಿನಲ್ಲಿ ಅಂಕಿ ತಿದ್ದಿದಳು. ಮೂರು ರೂಪಾಯಿ ಕಡಿಮೆಯಾಗಿತ್ತು. ನಾನು ಮೂರು ದಿನ ಅವಳ ಜೊತೆ ಮಾತಾಡಲಿಲ್ಲ. ಬಸ್ಸು ಹೊರಟ ಬೆಳಿಗ್ಗೆ ಕ್ಲಾಸಿನಲ್ಲಿ ಉಳಿದವರು ನಾವು ಆರೇ ಜನ. ಆ ಬೆಂಚಿನ ತಂಪು ಇನ್ನೂ ನೆನಪಿದೆ. ಈಗ ನಾನೇ ಲೆಕ್ಕಪತ್ರ ನೋಡುವ ಕೆಲಸದಲ್ಲಿದ್ದೇನೆ. ಹನ್ನೆರಡು ಸಾವಿರದ ಬದಲು ಹತ್ತು ಸಾವಿರದ ಇನ್ನೂರು ಕಟ್ಟಿದ್ದರೆ ಸಾಲ ಎಷ್ಟು ದಿನ ಮುಂದೆ ಹೋಗುತ್ತಿತ್ತು ಎಂದು ಲೆಕ್ಕ ಹಾಕಬಲ್ಲೆ. ಎಷ್ಟೇ ಬಂದರೂ ಅಮ್ಮ ಆ ದಿನ ಮಾಡಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಅವಳನ್ನು ಕೇಳಿದರೆ ಇವತ್ತಿಗೂ ಅದನ್ನೇ ಮಾಡುತ್ತಿದ್ದೆ ಎನ್ನುತ್ತಾಳೆ.

ಆದರೆ ನಾವು ಮಾಡಿದ ದೊಡ್ಡ ತಪ್ಪು ಅದಲ್ಲ.

2020ರ ಫೆಬ್ರುವರಿಯಲ್ಲಿ ನಮಗೆ ಒಳ್ಳೆಯ ಬೆಳೆ ಬಂತು. ಬಾಟಲಿ, ಡೇರಿ, ಗೂಡು ಎಲ್ಲ ಸೇರಿಸಿ ಒಂದೇ ಸಲಕ್ಕೆ ₹40 ಸಾವಿರ ಕಟ್ಟಿದೆವು. ಅಷ್ಟು ದೊಡ್ಡ ಮೊತ್ತ ಹಿಂದೆಂದೂ ಕಟ್ಟಿರಲಿಲ್ಲ. ಸಾಲ ₹5 ಲಕ್ಷದ 65 ಸಾವಿರಕ್ಕೆ ಇಳಿದಿತ್ತು. ಬಡ್ಡಿದರವೂ ಅಷ್ಟರಲ್ಲಿ ಶೇ 9ಕ್ಕೆ ಬಂದಿದ್ದರಿಂದ ಕ್ಯಾಲೆಂಡರಿನಲ್ಲಿ 139. ಅಪ್ಪ ಅಂದು ಮೈಸೂರು ಪಾಕ್ ತಂದಿದ್ದ. ಬ್ಯಾಂಕ್ ಖಾತೆಯಲ್ಲಿ ಉಳಿದದ್ದು ಆರು ಸಾವಿರ.

ಮುಂದಿನ ತಿಂಗಳು ಲಾಕ್‌ಡೌನ್. ನನ್ನ ದ್ವಿತೀಯ ಪಿಯುಸಿಯ ಇಂಗ್ಲಿಷ್ ಪರೀಕ್ಷೆಯೊಂದು ಬಾಕಿ ಉಳಿದು ಜೂನ್ 18ಕ್ಕೆ ಹೋಯಿತು. ಶಾಲೆ ಮುಚ್ಚಿತು, ಅಪ್ಪನ ಸಂಬಳ ಮೊದಲು ಅರ್ಧವಾಯಿತು, ಆಮೇಲೆ ನಿಂತಿತು. ಚಂದ್ರಿಕೆಯಲ್ಲಿದ್ದ ಗೂಡನ್ನು ಬಿಡಿಸಿ ಮಾರುಕಟ್ಟೆಗೆ ಒಯ್ದರೆ ಫೆಬ್ರುವರಿಯಲ್ಲಿ ಸಿಕ್ಕಿದ್ದರ ಅರ್ಧದಷ್ಟೂ ದರ ಬರಲಿಲ್ಲ. ಸೀರೆಯ ಅಂಗಡಿಗಳೇ ಮುಚ್ಚಿರುವಾಗ ನೂಲು ಬಿಚ್ಚುವವರು ಗೂಡು ಕೊಂಡು ಏನು ಮಾಡಿಯಾರು. ಮದುವೆಗಳಿಲ್ಲದೆ ಕುಚ್ಚೂ ಇಲ್ಲ, ಬ್ಲೌಸೂ ಇಲ್ಲ. ಹಾಲೊಂದು ನಿಲ್ಲಲಿಲ್ಲ. ಆ ನಾಲ್ಕು ತಿಂಗಳು ನಮ್ಮನ್ನು ಸಾಕಿದವಳು ಗೌರಿಯೇ.

ಮಾರ್ಚ್ 27ರಂದು ಆರ್‌ಬಿಐ ಮೂರು ತಿಂಗಳ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತು ಮನ್ನಾ ಆಯಿತೆಂದೇ ಊರಲ್ಲಿ ಹಲವರು ತಿಳಿದುಕೊಂಡಿದ್ದರು. ಕಂತು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಕಟ್ಟದ ಬಡ್ಡಿ ಅಸಲಿಗೆ ಸೇರುತ್ತದೆ. ಆರು ತಿಂಗಳಲ್ಲಿ ನಮ್ಮ ಸಾಲ ಸುಮಾರು ₹26 ಸಾವಿರ ಏರಿತು. ಕ್ಯಾಲೆಂಡರಿನ ಅಂಕಿ ಮೊದಲ ಬಾರಿಗೆ ಮೇಲೆ ಹೋದದ್ದು ಆಗಲೇ, 139 ಇದ್ದದ್ದು 146. (ಬಡ್ಡಿಯ ಮೇಲೆ ಬಿದ್ದ ಬಡ್ಡಿಯನ್ನು ಸರ್ಕಾರ ಆ ನವೆಂಬರ್‌ನಲ್ಲಿ ಭರಿಸಿತು. ನಮ್ಮ ಪಾಲಿಗೆ ಬಂದದ್ದು ಐನೂರರೊಳಗೆ.)

ಇಷ್ಟಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಜುಲೈನಲ್ಲಿ ಅಜ್ಜಿ ಕಾಯಿಲೆ ಬಿದ್ದಳು. ಆಸ್ಪತ್ರೆಗೆ ತಕ್ಷಣ ₹35 ಸಾವಿರ ಬೇಕಾಯಿತು. ಫೆಬ್ರುವರಿಯಲ್ಲಿ ಕಟ್ಟಿದ ನಲವತ್ತು ಸಾವಿರ ಬ್ಯಾಂಕಿನಲ್ಲೇ ಇದೆ, ಆದರೆ ಅದು ಇನ್ನು ನಮ್ಮದಲ್ಲ. ಸಾಲಕ್ಕೆ ಕಟ್ಟಿದ ದುಡ್ಡನ್ನು ವಾಪಸ್ ಕೇಳುವಂತಿಲ್ಲ. (ಹೆಚ್ಚುವರಿ ಹಣ ಇಟ್ಟು, ಬೇಕಾದಾಗ ತೆಗೆಯಬಹುದಾದ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲಗಳೂ ಇವೆ ಎಂದು ನನಗೆ ತಿಳಿದದ್ದು ಆಮೇಲೆ.) ಸಂಘದಲ್ಲೂ ಆಗ ದುಡ್ಡಿರಲಿಲ್ಲ. ಅಪ್ಪ ಕೈಸಾಲ ತಂದ. ನೂರಕ್ಕೆ ಮೂರು ರೂಪಾಯಿ ಬಡ್ಡಿ. ನಮ್ಮ ಕಡೆ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ಮೂರು. ವರ್ಷಕ್ಕೆ ಶೇ 36. ಮೂವತ್ತೈದು ಸಾವಿರಕ್ಕೆ ದಿನಕ್ಕೆ 35 ರೂಪಾಯಿ.

ಅಮ್ಮ ಅದನ್ನೂ ಬರೆದಳು. 146ರ ಪಕ್ಕದಲ್ಲಿ 35. ಐದು ಲಕ್ಷ ತೊಂಬತ್ತು ಸಾವಿರಕ್ಕೆ 146, ಬರೀ ಮೂವತ್ತೈದು ಸಾವಿರಕ್ಕೆ 35. ಅವೆರಡನ್ನೂ ನೋಡುತ್ತಾ ತುಂಬ ಹೊತ್ತು ನಿಂತಿದ್ದಳು. ಶೇ 9ರ ಸಾಲ ಬೇಗ ತೀರಿಸುವ ಹುರುಪಿನಲ್ಲಿ ಶೇ 36ರ ಸಾಲದ ಬಾಗಿಲಿಗೆ ಹೋಗಿದ್ದೆವು. ಆ ಕೈಸಾಲ ತೀರಲು ಒಂಬತ್ತು ತಿಂಗಳು ಹಿಡಿಯಿತು. ಬಡ್ಡಿಗೇ ಒಂಬತ್ತು ಸಾವಿರ ಚಿಲ್ಲರೆ ಹೋಯಿತು. ಅಜ್ಜಿ ಚೇತರಿಸಿಕೊಂಡಳು, ಆದರೆ ಆ ಕೈಸಾಲದ ವಿಷಯ ಅವಳಿಗೆ ಯಾರೂ ಹೇಳಲಿಲ್ಲ.

ಆಮೇಲೆ ನಮ್ಮ ಮನೆಯ ಕ್ರಮವೇ ಬದಲಾಯಿತು. ಸುಮಾರು ಒಂದೂಮುಕ್ಕಾಲು ವರ್ಷ ಬ್ಯಾಂಕಿಗೆ ಕಂತಿನ ಮೇಲೆ ಒಂದು ರೂಪಾಯಿಯನ್ನೂ ಕಟ್ಟಲಿಲ್ಲ. ಮೊದಲು ಕೈಸಾಲ ತೀರಿತು. ಆಮೇಲೆ ಆರ್.ಡಿ. ತೆರೆದು, ಆರು ತಿಂಗಳ ಕಂತು ಮತ್ತು ಮನೆ ಖರ್ಚಿಗೆ ಆಗುವಷ್ಟು ಸೇರುವ ತನಕ ಮುಟ್ಟಬಾರದು ಎಂದು ನಿಶ್ಚಯಿಸಿದೆವು. ಆರ್.ಡಿ. ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ, ಲೆಕ್ಕದ ಪ್ರಕಾರ ನಷ್ಟವೇ. ಬಿ.ಕಾಂ. ಓದುತ್ತಿದ್ದ ನಾನು ಹಾಗಂತ ಹೇಳಿಯೂ ನೋಡಿದೆ. "ಆ ನಷ್ಟ ನಾನು ಕೊಡ್ತೀನಿ, ಇನ್ನೊಂದು ಸಲ ಅವರ ಮನೆ ಮೆಟ್ಟಿಲು ಹತ್ತಲ್ಲ" ಎಂದ ಅಪ್ಪ. ನಮ್ಮ ಮನೆಯಲ್ಲಿ ಸಾಲದ ವಿಷಯಕ್ಕೆ ಅಪ್ಪ ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ.

ಆ ಹೊತ್ತಿಗೆ ಬಡ್ಡಿದರ ಇಳಿದಿತ್ತು. ರೆಪೊ ದರ 2020ರ ಮೇನಲ್ಲಿ ಶೇ 4ಕ್ಕೆ ಬಂದಿತ್ತು. ಹೊಸ ಗೃಹಸಾಲಗಳಿಗೆ ಬ್ಯಾಂಕುಗಳು 2019ರ ಅಕ್ಟೋಬರ್‌ನಿಂದಲೇ ರೆಪೊದಂಥ ಹೊರಗಿನ ಮಾನದಂಡಕ್ಕೆ ಬಡ್ಡಿ ಜೋಡಿಸಬೇಕಿತ್ತು. ನಮ್ಮದು ಹಳೆಯ ಪದ್ಧತಿಯದ್ದು. ತಾನಾಗಿ ಇಳಿಯುವುದಿಲ್ಲ, ಕೇಳಬೇಕು. ಕೇಳಿದೆವು, ಸಣ್ಣ ಶುಲ್ಕ ಕಟ್ಟಿದೆವು, ಬಡ್ಡಿ ಶೇ 7ರ ಆಸುಪಾಸಿಗೆ ಬಂತು. ಉಪ್ಸಾರು ತಿಂದು ಉಳಿಸಿದ್ದಕ್ಕಿಂತ ಈ ಒಂದು ಅರ್ಜಿಯಿಂದ ಉಳಿದದ್ದು ಕಡಿಮೆಯಲ್ಲ.

ಇದೇ ರೆಪೊ ದರ ಗೌರಿಬಿದನೂರಿನ ನಮ್ಮ ಇನ್ನೊಬ್ಬ ಚಿಕ್ಕಪ್ಪನಿಗೆ ಏನು ಮಾಡಿತು ಎಂಬುದನ್ನೂ ಹೇಳಬೇಕು. ಅವರು ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿ ಬರುವವರು, ತಿಂಗಳ ಪಾಸು ಇಟ್ಟುಕೊಂಡು. ಖರ್ಚಿನಲ್ಲಿ ನಮಗಿಂತ ಬಿಗಿ. 2021ರ ಮಧ್ಯದಲ್ಲಿ ಬಡ್ಡಿ ಶೇ 7 ಇದ್ದಾಗ 20 ವರ್ಷಕ್ಕೆ ₹15 ಲಕ್ಷ ತೆಗೆದರು. ಕಂತು ₹11,629. 2022ರ ಮೇನಿಂದ 2023ರ ಫೆಬ್ರುವರಿ ಒಳಗೆ ರೆಪೊ ದರ ಶೇ 4ರಿಂದ 6.5ಕ್ಕೆ ಏರಿತು. ಇವರ ಬಡ್ಡಿ ಶೇ 9.5. ಕಂತು ಮಾತ್ರ ಬದಲಾಗಲೇ ಇಲ್ಲ. ಏನೂ ಆಗಿಲ್ಲವೆಂದು ಚಿಕ್ಕಪ್ಪ ನೆಮ್ಮದಿಯಾಗಿದ್ದರು. ಯುಗಾದಿಗೆ ಹೋದಾಗ ಸ್ಟೇಟ್‌ಮೆಂಟ್ ನೋಡಿದೆ. ₹11,629ರಲ್ಲಿ ಬಡ್ಡಿಯೇ ₹11,500 ದಾಟಿತ್ತು. ಅಸಲಿಗೆ ಹೋಗುತ್ತಿದ್ದದ್ದು ನೂರು ಚಿಲ್ಲರೆ ರೂಪಾಯಿ. ಕಂತು ಏರಿಸುವ ಬದಲು ಅವಧಿಯನ್ನು ಹಿಗ್ಗಿಸಲಾಗಿತ್ತು, ಅದೂ ಅವರ ನಿವೃತ್ತಿಯ ವಯಸ್ಸಿನ ತನಕ. ಹಾಗೇ ಬಿಟ್ಟಿದ್ದರೆ ಈ ಕಂತಿನಲ್ಲಿ ಅವರ ಜೀವಮಾನದಲ್ಲಿ ಸಾಲ ತೀರುತ್ತಿರಲಿಲ್ಲ. ಚಿಕ್ಕಮ್ಮ ಒಬ್ಬಟ್ಟು ಬಡಿಸುತ್ತಾ ನಿಂತವರು ಹಾಗೇ ಕೂತುಬಿಟ್ಟರು. ಮರುವಾರವೇ ಅವರು ಕಂತನ್ನು ₹14 ಸಾವಿರಕ್ಕೆ ಏರಿಸಿಕೊಂಡರು.

ಆ ವರ್ಷದ ಆಗಸ್ಟ್ 18ರಂದು ಆರ್‌ಬಿಐ ಇದರ ಬಗ್ಗೆಯೇ ಸೂಚನೆ ಹೊರಡಿಸಿತು. ಬಡ್ಡಿದರ ಏರಿದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಎಂದು ಸಾಲಗಾರರನ್ನು ಕೇಳಬೇಕು. ಈವರೆಗೆ ಎಷ್ಟು ಅಸಲು ಎಷ್ಟು ಬಡ್ಡಿ ಹೋಗಿದೆ, ಇನ್ನೆಷ್ಟು ಕಂತು ಉಳಿದಿದೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕು. ಮೆಸೇಜ್ ಬಂದರೆ ಜಾಹೀರಾತು ಎಂದು ಅಳಿಸಿಹಾಕಬೇಡಿ. ಅದರಲ್ಲಿ ಉಳಿದ ಕಂತುಗಳ ಸಂಖ್ಯೆಯನ್ನಾದರೂ ನೋಡಿ.

2023 ನಮ್ಮ ಮನೆಗೆ ತಿರುವಿನ ವರ್ಷ. ಜೂನ್ 11ರಿಂದ ಶಕ್ತಿ ಯೋಜನೆ ಬಂತು. ನನಗೆ ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿದ್ದೂ ಅದೇ ಹೊತ್ತಿಗೆ. ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ಓಡಾಟ. ಅವುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು. ಕೆಂಪು ಬಸ್ಸಿಗಾಗಿ ಅರ್ಧ ಗಂಟೆ ಮೊದಲೇ ಹೋಗಿ ನಿಂತರೆ ದಿನದ ಬಸ್ ಚಾರ್ಜು ಉಳಿಯುತ್ತಿತ್ತು. ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು. ಖಾತೆಗೆ ಎರಡು ಸಾವಿರ ಬಿದ್ದಾಗಲೆಲ್ಲ ಅಮ್ಮ ಅದನ್ನು ಹಾಗೇ ಎತ್ತಿ ಸಾಲದ ಪಾಲಿಗೆ ಇಡುತ್ತಿದ್ದಳು. ನನ್ನ ಸಂಬಳದಿಂದ ತಿಂಗಳಿಗೆ ₹3 ಸಾವಿರ. ಮುಂಚೆ ಎಲ್ಲರೂ ಸೇರಿ ವರ್ಷಕ್ಕೆ ನಲವತ್ತೈದು ಸಾವಿರ ಕಟ್ಟುತ್ತಿದ್ದವರು ಎಪ್ಪತ್ತು ಸಾವಿರ ದಾಟಿದೆವು.

ಆಫೀಸಿನ ಗೆಳತಿಯರು ಈ ದುಡ್ಡನ್ನು ಎಸ್‌ಐಪಿಗೆ ಹಾಕು, ಸಾಲ ತನ್ನ ಪಾಡಿಗೆ ಹೋಗಲಿ ಎನ್ನುತ್ತಿದ್ದರು. ತೆರಿಗೆ ಕಟ್ಟುವವರು, ತಿಂಗಳ ಒಂದನೇ ತಾರೀಕು ಸಂಬಳ ಬರುವವರು ಹಾಗೆ ಯೋಚಿಸುವುದರಲ್ಲಿ ತಪ್ಪಿಲ್ಲ. ಹಳೆಯ ಪದ್ಧತಿಯಲ್ಲಿ ತೆರಿಗೆ ಸಲ್ಲಿಸುವವರಿಗೆ ಮನೆ ಸಾಲದ ಬಡ್ಡಿಗೆ ವರ್ಷಕ್ಕೆ ₹2 ಲಕ್ಷದವರೆಗೆ ವಿನಾಯಿತಿಯೂ ಇದೆ. ನಮ್ಮಪ್ಪ ತೆರಿಗೆಯ ಮಿತಿಯನ್ನೇ ಮುಟ್ಟಿದವನಲ್ಲ. ನಾಲ್ಕನೇ ಜ್ವರ ಎದ್ದ ಹುಳು ಒಂದೇ ರಾತ್ರಿಗೆ ರೋಗ ಬಂದು ಸಾಯುವುದನ್ನು ನೋಡಿದವರಿಗೆ, ಖಂಡಿತ ಉಳಿಯುವ ಶೇ 9 ಹೆಚ್ಚು ಹಿತ.

2025ರ ಜುಲೈನಲ್ಲಿ ಕೊನೆಯ ಕಂತು ಕಟ್ಟಿದೆವು. ಇಪ್ಪತ್ತು ವರ್ಷದ್ದು ಹನ್ನೊಂದು ವರ್ಷ ಒಂದು ತಿಂಗಳಿಗೆ ಮುಗಿಯಿತು. ಒಟ್ಟು ಕಟ್ಟಿದ್ದು ₹15 ಲಕ್ಷದ ಆಸುಪಾಸು. ಅದರಲ್ಲಿ ಬಡ್ಡಿ ಆರು ಲಕ್ಷ. ಮೊದಲ ದಿನದ ಲೆಕ್ಕದಂತೆ ಹೋಗಿದ್ದರೆ ಬಡ್ಡಿಯೇ ಹನ್ನೆರಡು ಲಕ್ಷ ದಾಟುತ್ತಿತ್ತು. ಉಳಿದದ್ದರಲ್ಲಿ ನಮ್ಮ ಉಳಿತಾಯದ ಪಾಲೂ ಇದೆ, ಮಧ್ಯದಲ್ಲಿ ದರ ಇಳಿದದ್ದರ ಪಾಲೂ ಇದೆ.

ಸಾಲ ತೀರಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪೂರ್ತಿ ತೀರಿಸಿದ ಮೇಲೆ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ತಪ್ಪು ಬ್ಯಾಂಕಿನದಾಗಿದ್ದರೆ ತಡವಾದ ಪ್ರತಿ ದಿನಕ್ಕೂ ₹5 ಸಾವಿರ ಪರಿಹಾರ ಕೊಡಬೇಕು ಎಂಬ ಆರ್‌ಬಿಐ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ನಮ್ಮ ಪತ್ರಗಳು 22ನೇ ದಿನಕ್ಕೆ ಬಂದವು. ಅಪ್ಪ ಪಟ್ಟಿ ಹಿಡಿದು ಒಂದೊಂದೇ ಹಾಳೆ ನೋಡಿ ತೆಗೆದುಕೊಂಡ. ಬಾಕಿ ಇಲ್ಲವೆಂಬ ಪತ್ರವನ್ನೂ ಪಡೆದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನದ ನಮೂದನ್ನು ತೆಗೆಸಿ, ಹೊಸದಾಗಿ ಇ.ಸಿ. ತೆಗೆದು ನೋಡಿದ ಮೇಲೆಯೇ ನಮಗೆ ಸಮಾಧಾನ. ಇದನ್ನು ಮಾಡಿಸದೆ ಬಿಟ್ಟವರಿಗೆ ಎಷ್ಟೋ ವರ್ಷದ ನಂತರ ಮನೆ ಭಾಗ ಮಾಡಿಕೊಳ್ಳುವಾಗಲೋ ಮಾರುವಾಗಲೋ ತೀರಿದ ಸಾಲ ಮತ್ತೆ ಎದುರಾಗುತ್ತದೆ.

ಪತ್ರಗಳನ್ನು ಅಜ್ಜಿಯ ತೊಡೆಯ ಮೇಲಿಟ್ಟೆವು. ಅವಳಿಗೆ ಈಗ ಕಣ್ಣು ಅಷ್ಟು ಕಾಣಿಸುವುದಿಲ್ಲ. ಛಾಪಾ ಕಾಗದವನ್ನು ಬೆರಳಿಂದ ಸವರಿ, "ಅಪ್ಪು ತೀರ್ತಾ?" ಎಂದಳು. ತೀರಿತು ಎಂದೆವು. "2034 ಆಗಿಹೋಯ್ತಾ?" ಎಂದು ಕೇಳಿದಳು.

ಉಳಿಯುವ ₹8,835 ಏನು ಮಾಡಬೇಕು ಎಂಬ ಚರ್ಚೆ ಇನ್ನೂ ನಡೆದಿದೆ. ತಮ್ಮನಿಗೆ ಬೈಕು ಬೇಕು. ಅಪ್ಪನಿಗೆ ಹುಳುಮನೆಯ ಶೀಟು ಬದಲಿಸಬೇಕು. ಗೀಸರ್ ಸ್ವಿಚ್ಚಿನ ಟೇಪನ್ನು ಯಾರೋ ಕಿತ್ತಿದ್ದಾರೆ. ಯಾರೆಂದು ಯಾರೂ ಒಪ್ಪಿಕೊಂಡಿಲ್ಲ. ಮೊನ್ನೆ ಅಮ್ಮ ಮುದ್ದೆ ತಿರುವುತ್ತಾ ಇದ್ದಕ್ಕಿದ್ದಂತೆ, "ಹಂಪಿಗೆ ಕೆಂಪು ಬಸ್ಸು ಹೋಗುತ್ತಾ?" ಎಂದಳು. ಹೊಸಪೇಟೆ ತನಕ ಹೋಗಬಹುದು, ನಿನಗೂ ನನಗೂ ಟಿಕೆಟ್ ಇಲ್ಲ, ಅಪ್ಪನಿಗೂ ತಮ್ಮನಿಗೂ ಮಾತ್ರ ಎಂದೆ. "ಹಂಗಾದ್ರೆ ಅವರು ಹಸು ನೋಡ್ಕೊಳ್ಳಲಿ" ಎಂದಳು. ಇನ್ನೂ ಹೊರಟಿಲ್ಲ. ಹುಳು ಮೂರನೇ ಜ್ವರದಲ್ಲಿದೆ, ಗೂಡು ಬಿಡಿಸಿದ ಮೇಲೆ ನೋಡೋಣ ಎಂದಿದ್ದಾಳೆ.